ಸೋದರಮಾವನಿಗೆ ಟೋಸ್ಟ್ ಬಡಿಸಿದ್ದು

ನಮ್ಮ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ನಡೆದದ್ದು ನನಗೆ ನೆನಪಿಲ್ಲ. ಬೇಸರ ಬಂದಾಗ ಹೀಗೆ ಎಡವಟ್ಟಾದವುಗಳನ್ನೇ ನೆನೆದು ನಗುತ್ತೇನೆ.

ನಾನು ವಿಜಯಪುರದ ಕಡೆಯವಳು. ಯಜಮಾನರು ಹೋದ ಮೇಲೆ ಮಂಗಳೂರಿಗೆ, ದೇರೆಬೈಲಿನ ಮಗನ ಮನೆಗೆ ಬಂದೆ. ಸೊಸೆ ಇಲ್ಲಿಯವಳೇ, ತುಳು ಮಾತಾಡುವವಳು. ಅವರಲ್ಲಿ ಹುಡುಗಿಯ ಮದುವೆಯ ಮಾತು ಮೊದಲು ಸೋದರಮಾವನ ಕಿವಿಗೆ ಬೀಳಬೇಕು. ಮಗ, ಸೊಸೆ ಇಬ್ಬರೇ ಎಲ್ಲ ನಿಶ್ಚಯ ಮಾಡಿಕೊಂಡು ಕೊನೆಗೆ ಅವರಿಗೆ ಹೇಳಿದರು. ತಂದೆಯಿಲ್ಲದ ಅವಳನ್ನು ಎತ್ತಿ ಆಡಿಸಿದ ಆ ಮಾವ, ಆರು ವರ್ಷವಾದರೂ ನಮ್ಮ ಮನೆಯಲ್ಲಿ ನೀರು ಸಹ ಕುಡಿದಿರಲಿಲ್ಲ. ಯುಗಾದಿ ಕಳೆದ ಮೇಲೊಂದು ದಿನ ಅವರದೇ ಫೋನ್ ಬಂತು. ಭಾನುವಾರ ಬಜಪೆಯಲ್ಲಿ ಮಗನನ್ನು ದುಬೈ ವಿಮಾನ ಹತ್ತಿಸಿ, ವಾಪಸು ಹೋಗುವಾಗ ಬಂದು ಹೋಗುತ್ತಾರಂತೆ. ಸೊಸೆ ಅಡುಗೆಮನೆಗೆ ಹೋಗಿ ಅತ್ತು ಬಂದಳು. ಅವರು ತನ್ನ ಮನೆಯಲ್ಲಿ ಒಂದು ತುತ್ತು ತಿನ್ನಬೇಕು, ಅಷ್ಟೇ ಅವಳ ಆಸೆ.

ನೀರುದೋಸೆ ಮಾಡು ಎಂದೆ. "ಅದು ಅವರ ಮನೆಯಲ್ಲಿಯೂ ಉಂಟು ಅತ್ತೆ" ಎಂದಳು.

ಹಲಗೆ

ಅವಳು ಮೊಬೈಲಿನಲ್ಲಿ ಒಂದು ಚಿತ್ರ ನೋಡಿದ್ದಳು. ಉದ್ದ ಹಲಗೆಯ ಮೇಲೆ ಸುಟ್ಟ ಬ್ರೆಡ್ಡು, ಹಚ್ಚಿಕೊಳ್ಳಲು ಹತ್ತು ಬಗೆ, ಸುತ್ತ ಹಣ್ಣು. ಅವರವರ ಟೋಸ್ಟ್ ಅವರವರೇ ಮಾಡಿಕೊಳ್ಳಬೇಕು. ವಸಂತಕಾಲದಲ್ಲಿ, ತಿಂಡಿಗೂ ಊಟಕ್ಕೂ ನಡುವೆ ತಿನ್ನುವುದಂತೆ. ಇಲ್ಲಿಯ ವಸಂತವೆಂದರೆ ಬೆಣ್ಣೆ ಡಬ್ಬಿಯಲ್ಲೇ ಎಣ್ಣೆಯಾಗುವ ಕಾಲ.

ಶಕ್ತಿನಗರದ ಆಚಾರಿಗೆ ಹಲಸಿನ ಹಲಗೆ ಮಾಡಲು ಹೇಳಿದೆವು. ಎಂತಕ್ಕೆ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಅವರು ತಂದ ಹಲಗೆಗೆ ನಾಲ್ಕು ಗಿಡ್ಡ ಕಾಲುಗಳಿದ್ದವು. ಕಾಲು ಯಾಕೆ ಎಂದರೆ, "ಕೂತಾಗ ಅಲುಗಾಡಬಾರದಲ್ಲ ಅಮ್ಮ" ಎಂದರು. ನಮಗೆ ನಂಬಿಕೆ ಬರಲೆಂದು ತಾವೇ ಕುಳಿತು ಎರಡು ಸಲ ಕುಪ್ಪಳಿಸಿಯೂ ತೋರಿಸಿದರು.

ಸೊಸೆ ಹಲಗೆಯನ್ನು ಮೂರು ಸಲ ತೊಳೆದಳು. ಆದರೂ ಆಚಾರಿ ಕುಳಿತ ದೃಶ್ಯ ಅವಳ ಕಣ್ಣಿನಿಂದ ಹೋಗಲಿಲ್ಲ. ಕೊನೆಗೆ ಮೇಲೊಂದು ಬಾಳೆಲೆ ಹಾಸಿದಳು.

ಸಿಗಡಿ ಚಟ್ನಿ

ಬೆಣ್ಣೆಹಣ್ಣು ಅರೆದಳು, ಮಾವಿನಹಣ್ಣು ಹೆಚ್ಚಿದಳು. ನಾನು ನಮ್ಮ ಕಡೆಯ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕೊಟ್ಟೆ. ಆದರೂ ಅವಳ ಮುಖ ಸಣ್ಣದಾಗಿತ್ತು. ಮಾವನಿಗೆ ನಿಜವಾಗಿ ಇಷ್ಟವಾದದ್ದು ಏನವ್ವಾ ಎಂದು ಕೇಳಿದೆ. ಒಣಸಿಗಡಿ ಚಟ್ನಿ ಎಂದಳು.

ನಮ್ಮದು ಮೊಟ್ಟೆಯೂ ಬಾರದ ಅಡುಗೆಮನೆ. ನನ್ನ ಸಲುವಾಗಿ ಅವಳು ಆರು ವರ್ಷದಿಂದ ಮೀನನ್ನು ತವರಿಗೆ ಹೋದಾಗಷ್ಟೇ ತಿಂದು ಬರುತ್ತಿದ್ದಾಳೆ. ನಾನು ಮಗನಿಂದ ಒಣಸಿಗಡಿ ತರಿಸಿ, ಮೂಗಿಗೆ ಸೆರಗು ಕಟ್ಟಿಕೊಂಡು, ಕಿಟಕಿಗಳನ್ನೆಲ್ಲ ತೆರೆದು, ಮಾಡವ್ವ ಎಂದೆ.

ಸಿಗಡಿ ಹುರಿದು ಐದು ನಿಮಿಷವಾಗಿರಲಿಲ್ಲ, ಕೆಳಗಿನ ಮನೆಯಾಕೆ ಬೆಲ್ ಒತ್ತಿದರು. ನಾನು ರೊಟ್ಟಿ ಬಡಿಯುವ ಸದ್ದಿಗೇ ವಾರಕ್ಕೊಮ್ಮೆ ದೂರು ತರುವವರು. ಕ್ಷಮೆ ಕೇಳಲು ನಾನು ಬಾಯಿ ತೆರೆಯುವುದರೊಳಗೆ ಅವರು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡರು.

"ಅಂತೂ ನಿಮ್ಮ ಮನೆಯಲ್ಲಿ ಅಡುಗೆ ಶುರುವಾಯ್ತಲ್ಲ ಮಾರಾಯ್ರೆ" ಎಂದರು.

ಕೈಮುಗಿದದ್ದು

ಬೆಣ್ಣೆ ಕರಗಬಾರದೆಂದು ಎಸಿ ಇರುವ ಕೋಣೆಯಲ್ಲಿ, ನೆಲದ ಮೇಲೆ ಹಲಗೆ ಇಟ್ಟೆವು. ಸಿಗಡಿಯ ವಾಸನೆಗೆ ನಾನು ನಾಲ್ಕು ಊದಿನಕಡ್ಡಿ ಹಚ್ಚಿದೆ. ತಂಪು ಹೊರಗೆ ಹೋಗದಂತೆ ಮಗ ಬಾಗಿಲು ಮುಚ್ಚಿದ. ಮಾವ ಮುಟ್ಟುವವರೆಗೆ ಯಾರೂ ಮುಟ್ಟಬಾರದೆಂದು ಸೊಸೆ ನಮ್ಮನ್ನು ಹೊರಗೇ ನಿಲ್ಲಿಸಿದಳು.

ಹನ್ನೊಂದಕ್ಕೆ ಮಾವ ಬಂದರು. ಎತ್ತರದ ಆಳು, ಬಿಳಿ ಪಂಚೆ, ಮಾತು ಕಡಿಮೆ. ಮಗ ಕೋಣೆಯ ಬಾಗಿಲು ತೆರೆದ. ಅವರು ಹೊಸ್ತಿಲಲ್ಲೇ ನಿಂತರು, ಒಳಗೆ ನೋಡಿದರು, ಕಣ್ಣು ಮುಚ್ಚಿ ಕೈಮುಗಿದರು. ಉಣ್ಣುವ ಮೊದಲು ಇವರಲ್ಲಿ ಹೀಗೆ ಮಾಡುತ್ತಾರೇನೋ ಎಂದು ನಾನೂ ಕೈಮುಗಿದೆ. ನನ್ನನ್ನು ನೋಡಿ ಮಗನೂ ಮುಗಿದ. ಒಳಗೆ ಬ್ರೆಡ್ಡು ತಣ್ಣಗಾಗುತ್ತಿತ್ತು.

ನನಗೆ ಗೊತ್ತಿಲ್ಲದ್ದು ಒಂದಿತ್ತು. ಇವರ ಕಡೆ ತೀರಿಹೋದ ಹಿರಿಯರಿಗೆ, ಅವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ, ಮನೆಯವರು ಸ್ವಲ್ಪ ಹೊತ್ತು ಹೊರಗೆ ನಿಲ್ಲುವ ಪದ್ಧತಿ ಉಂಟು.

ಮಾವ ಕಣ್ಣು ತೆರೆದು, ತಗ್ಗಿದ ದನಿಯಲ್ಲಿ ಸೊಸೆಯನ್ನು ಕೇಳಿದರು. "ಯಾರಿಗೆ ಬಡಿಸಿದ್ದು ಮಗಾ?"

ಅವಳು ಹಲಗೆಯತ್ತ ಕೈ ತೋರಿದಳು. "ನಿಮಗೇ ಮಾಮ" ಎಂದಳು.

ಮಾವ ಮುಗಿದ ಕೈಯನ್ನು ಮೆಲ್ಲಗೆ ಇಳಿಸಿ, ತಮ್ಮ ಮುಂಗೈಯನ್ನು ತಾವೇ ಒಮ್ಮೆ ಒತ್ತಿ ನೋಡಿಕೊಂಡರು. ಸೊಸೆಗೆ ಆಗ ಹೊಳೆಯಿತು. ಹಲಗೆ, ಆಚಾರಿ, ಎಸಿ, ಊದಿನಕಡ್ಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಇದು ತಿನ್ನಲಿಕ್ಕೆ ಇಟ್ಟದ್ದು, ಒಂದು ಬ್ರೆಡ್ಡು ತೆಗೆದು ಬೇಕಾದ್ದನ್ನು ನೀವೇ ಹಚ್ಚಿಕೊಳ್ಳಬೇಕು ಎಂದು ಮುಗಿಸಿದಳು. ಕಣ್ಣಲ್ಲಿ ನೀರಿತ್ತು. ಮಾವ ಹೊರಟೇ ಹೋಗುತ್ತಾರೆ ಅಂದುಕೊಂಡೆ.

ಅವರು ಪಂಚೆ ಸರಿಮಾಡಿಕೊಂಡು ಹಲಗೆಯ ಮುಂದೆ ಚಕ್ಕಳಮಕ್ಕಳ ಕುಳಿತರು. ಸಿಗಡಿ ಚಟ್ನಿ ನೋಡಿದರು, ಆಮೇಲೆ ಅವಳನ್ನು ನೋಡಿದರು.

"ಸತ್ತವರಿಗಾದರೆ ನೀವೇ ಬಡಿಸ್ತೀರಿ. ಬದುಕಿರುವವನು ನಾನೇ ಹಚ್ಚಿಕೊಳ್ಳಬೇಕಾ?"

ನಾನು ಚಾಕು ಎತ್ತಿಕೊಂಡೆ. ಅವರು ಐದು ತುಂಡು ತಿಂದರು. ಐದಕ್ಕೂ ಸಿಗಡಿ ಚಟ್ನಿ ಹಚ್ಚಿಕೊಟ್ಟವಳು ನಾನೇ, ಮೂಗಿಗೆ ಸೆರಗು ಕಟ್ಟಿಕೊಂಡು.