ಮಾವ ಮೂಸಿದ ಸ್ಕೂಟರ್

ನಮ್ಮ ಸೋದರಮಾವ ಜಗತ್ತನ್ನೇ ಮೂಗಿನಿಂದ ನೋಡುತ್ತಾನೆ ಎಂದರೆ ನೀವು ನಂಬಲಿಕ್ಕಿಲ್ಲ! ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮೂವತ್ತು ವರ್ಷ ದಲಾಲಿ ಮಾಡಿದವನು. ಕಾಯಿಯನ್ನು ಮೂಸಿ, ಹೆಬ್ಬೆರಳಿನಿಂದ ಉಜ್ಜಿ, ಬಿಸಿಲಿಗೆ ಹಿಡಿದು, ಇದು ಈ ಸಲದ್ದೋ, ಹೋದ ವರ್ಷದಿಂದ ಕೋಲ್ಡ್ ಸ್ಟೋರೇಜಿನಲ್ಲಿ ಮಲಗಿದ್ದೋ ಹೇಳಿಬಿಡುತ್ತಾನೆ. ಹೇಳಲಿ, ಬೇಡ ಅಂದವರ್ಯಾರು? ಆದರೆ ಮದುವೆಮನೆಯ ಲಾಡು, ಅಂಗಡಿಯ ಧೋತರ, ಕಡೆಗೆ ನನ್ನನ್ನು ನೋಡಲು ಬಂದ ವರ, ಎಲ್ಲಕ್ಕೂ ಇದೇ ಪರೀಕ್ಷೆ. ಪಾಪ, ಆ ವರನನ್ನು ಬಿಸಿಲಿಗೆ ಹಿಡಿಯಲಿಲ್ಲ, ಅಷ್ಟೇ ಪುಣ್ಯ. "ಹೋದ ವರ್ಷದ ಮಾಲು ನಮ್ಮ ಹೊಸ್ತಿಲ ದಾಟಂಗಿಲ್ಲ" ಎಂಬುದು ಅವನ ವ್ರತ.

ಇಂಥವನು ಸ್ಕೂಟರ್ ಕೊಳ್ಳಲು ಹೊರಟರೆ ಏನಾದೀತು? ಕಾರಣ ಮಾತ್ರ ನ್ಯಾಯವಾದದ್ದೇ. ಮೊಣಕಾಲು ನೋವಿನಿಂದ ಅತ್ತೆಗೆ ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಕರ್ಜಗಿಯಲ್ಲಿರುವ ತನ್ನ ಅಕ್ಕನ ಮುಖ ನೋಡಿ ಎಂಟು ತಿಂಗಳಾಗಿತ್ತು. ಫೋನಿನಲ್ಲಿ ದಿನಾ ಅಕ್ಕನದು ಒಂದೇ ಪ್ರಶ್ನೆ: "ಗಾಡಿ ಬಂತೇನವಾ?"

"ಎಲ್ಲೀದು! ಇನ್ನೂ ಮೂಸಾಕತ್ತಾರ."

ರಾಣೆಬೆನ್ನೂರಿನ ಅಂಗಡಿಯಲ್ಲಿ ಹೋದ ವರ್ಷದ ಮಾಡೆಲ್ ಒಂದು ಉಳಿದಿತ್ತು, ಭಾರೀ ರಿಯಾಯಿತಿ. ಹಾವೇರಿಯಲ್ಲಿ ಈ ವರ್ಷದ್ದು, ಚೌಕಾಶಿ ಮಾತೇ ಇಲ್ಲ. ಜೇಬು ರಾಣೆಬೆನ್ನೂರಿಗೆ ಎಳೆದರೆ ವ್ರತ ಹಾವೇರಿಗೆ ಎಳೆಯಿತು. ಮಾವ ಸೋಮವಾರ ಅಲ್ಲಿ, ಗುರುವಾರ ಇಲ್ಲಿ! ರಾಣೆಬೆನ್ನೂರಿನಲ್ಲಿ ಸೀಟಿಗೆ ಮೂಗು ಹಚ್ಚಿ, "ಎಷ್ಟ ತಿಂಗಳ ಗೋಡೌನಿನ್ಯಾಗ ಇತ್ತು?" ಎಂದ.

ಮಾರಾಟದ ಹೆಣ್ಣುಮಗಳು ಗಾಬರಿಯಾದಳು. "ಕಾಕಾ, ಇದು ಗಾಡಿರಿ, ಮೆಣಸಿನಕಾಯಿ ಅಲ್ಲ."

"ಗೊತ್ತೈತವಾ. ಮೆಣಸಿನಕಾಯಿ ಆಗಿದ್ರ ಇಷ್ಟೊತ್ತಿಗೆ ಸೀನು ಬರ್ತಿತ್ತು."

ಹಾವೇರಿಯಲ್ಲಿ ಹೆಬ್ಬೆರಳಿನಿಂದ ಅರ್ಧ ತಾಸು ಬಣ್ಣ ಉಜ್ಜಿ, "ಖರೇ ಬಣ್ಣ" ಎಂದು ಸರ್ಟಿಫಿಕೇಟ್ ಕೊಟ್ಟ. ಕೊಂಡನೇ? ರಾಮಾ! "ಯುಗಾದಿ ಮುಗೀಲಿ" ಎಂದು ಬಂದ. ಯುಗಾದಿಯೂ ಮುಗಿಯಿತು, ಕಾರಹುಣ್ಣಿವೆಯೂ ಮುಗಿಯಿತು. "ಇನ್ನಷ್ಟು ತಡದರ ಹಾವೇರಿದೂ ಹಳೇದ ಆಗ್ತೈತಿ, ಮಾವಾ" ಎಂದೆ. ಅವನ ಕಣ್ಣು ಮಿನುಗಿತು.

"ಆಗ ಅದಕ್ಕೂ ರಿಯಾಯಿತಿ ಬರ್ತೈತೇನ?"

ಕಡೆಗೆ ಅಂಗಡಿಯವರಿಗೇ ಸಾಕಾಯಿತು. ಒಂದು ಭಾನುವಾರ, ಒಬ್ಬರ ವಿಚಾರ ಇನ್ನೊಬ್ಬರಿಗೆ ಗೊತ್ತಿಲ್ಲದೆ, ಎರಡೂ ಅಂಗಡಿಯವರು ತಮ್ಮ ತಮ್ಮ ಗಾಡಿಯನ್ನು ಮಾವನ ಮನೆಬಾಗಿಲಿಗೇ ತಂದು ನಿಲ್ಲಿಸಿದರು! ಓಣಿಯೆಲ್ಲ ನೆರೆದು, ಹೊಸದರ ಪಕ್ಷ, ಹಳೆಯದರ ಪಕ್ಷ ಎಂದು ಎರಡಾಯಿತು. ಮಾವ ಮೂರನೆಯ ಸಲ ಟಯರ್ ಮೂಸಿ ಎದ್ದುನಿಂತು ಘೋಷಿಸಿದ: "ಹೊಸಾದ! ಆ ಕೆಂಪು ನೋಡ್ರಿ, ಥೇಟ್ ನಮ್ಮ ಕಾಯಿ ಬಣ್ಣ!" ಒಳಗೆ ಕೂಗಿದ: "ಏ, ಲಗೂ ಬಾ, ಹತ್ತು."

ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದಳು. ಈ ವರ್ಷದ ಮಾಡೆಲಿನಲ್ಲಿ ಸೀಟು, ಕಾಲಿಡುವ ಪಟ್ಟಿ ಎರಡನ್ನೂ ಎತ್ತರಿಸಿದ್ದರಂತೆ. ಕಾಲೆತ್ತಿದಳು. ಮಾವನ ಭುಜ ಹಿಡಿದು ಇನ್ನೊಮ್ಮೆ ಎತ್ತಿದಳು. ಆಗಲಿಲ್ಲ. ನಗುತ್ತಲೇ ಅಂದಳು: "ಇರ್ಲಿ ಬಿಡ್ರಿ. ನಿಮ್ಮ ಮನಸಿಗೆ ಬಂದೈತಿ, ಇದನ್ನ ತಗೋರಿ. ನಾ ಅಕ್ಕನ ಕೂಡ ಫೋನಿನ್ಯಾಗ ಮಾತಾಡ್ತೇನಿ."

ಮಾವ ಈ ಸಲ ಏನನ್ನೂ ಮೂಸಲಿಲ್ಲ. ಕುಕ್ಕರುಗಾಲಲ್ಲಿ ಕೂತು ಎರಡೂ ಗಾಡಿಗಳ ಪಟ್ಟಿಯನ್ನು ನೆಲದಿಂದ ಗೇಣಿನಲ್ಲಿ ಅಳೆದ. ಹೋದ ವರ್ಷದ್ದು ನಾಲ್ಕು ಬೆರಳು ತಗ್ಗಿತ್ತು. "ಇದನ್ನ ಹತ್ತಿ ನೋಡು" ಎಂದ, ಮೆಲ್ಲಗೆ. ಅತ್ತೆ ಕಾಲಿಟ್ಟಳು, ಕೂತೇಬಿಟ್ಟಳು!

"ಇದನ್ನ ಕೊಡ್ರಿ."

"ಕಾಕಾ, ಇದು ಬೂದಿ ಬಣ್ಣರಿ. ಕೆಂಪು ಇಲ್ಲ" ಎಂದಳು ರಾಣೆಬೆನ್ನೂರಿನವಳು, ಅಳುಕುತ್ತ.

"ಬಣ್ಣ ತಗೊಂಡು ಏನ ಮಾಡ್ಲಿ ಬಿಡವಾ. ಆಕಿಗೆ ಕಾಲ ಎಟಕತಾವಲ್ಲ."

ಮೂವತ್ತು ವರ್ಷ ಬಣ್ಣ ನೋಡಿಯೇ ಬದುಕಿದವನ ಮಾತಿದು! ನಗಲೆಂದೇ ಹೋಗಿದ್ದ ನನಗೆ ಅಳು ಬಂತು.

ಮುಂದಿನ ವಾರ ಕರ್ಜಗಿಯಿಂದ ನನಗೊಂದು ಫೋನ್ ಬಂತು. ಅಕ್ಕತಂಗಿಯರಿಬ್ಬರೂ ಒಂದೇ ಉಸಿರಿಗೆ ಕೂಗುತ್ತಿದ್ದರು: "ಗಾಡಿ ಬಂತವಾ!"