ಸರ್ವಾಧಿಕಾರಿಯ ಮನೆಯ ಹಾರುವ ಹುಡುಗ

ಮದುವೆಯಾದ ಹೊಸತರಲ್ಲಿ ಪ್ರತಿಯೊಬ್ಬ ಹೆಂಗಸೂ ಗಂಡನ ಚಟ ಯಾವುದೆಂದು ಪತ್ತೆ ಹಚ್ಚುವ ಕೆಲಸದಲ್ಲಿರುತ್ತಾಳೆ. ನಾನು ಹಾಗೆಲ್ಲ ಮಾಡಲಿಲ್ಲ ಎಂದು ಯಾರಾದರೂ ಹೇಳಿದರೆ, ಆಕೆ ಬೇಗ ಪತ್ತೆ ಹಚ್ಚಿ ಸುಮ್ಮನಾದವಳು ಎಂದು ತಿಳಿಯಬೇಕು. ನಮ್ಮ ಅಕ್ಕನ ಗಂಡನಿಗೆ ಗುಟಕಾ. ವಿಜಯಪುರದ ನನ್ನ ಗೆಳತಿಯ ಗಂಡನಿಗೆ ಇಸ್ಪೀಟು. ಗಡಿಯಾಚೆ ಮಹಾರಾಷ್ಟ್ರದ ಜತ್ತಕ್ಕೆ ಸೊಸೆಯಾಗಿ ಬಂದ ನನಗೆ ಮಾತ್ರ ನಮ್ಮವರಲ್ಲಿ ಏನೂ ಸಿಗಲೊಲ್ಲದು. ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಮಾಲು ತರಲು ಅವರು ಇಚಲಕರಂಜಿಗೋ ಸೋಲಾಪುರಕ್ಕೋ ಹೋಗಿ ಬಂದ ದಿನ ಅಂಗಡಿಯ ಹಿಂದಿನ ಕೋಣೆಗೆ ಹೊಕ್ಕರೆ ಬಹಳ ಹೊತ್ತು ಹೊರಗೆ ಬರುತ್ತಿರಲಿಲ್ಲ. ಅಂಗಿ ಮೂಸಿ ನೋಡಿದೆ. ಹೊಸ ಬಟ್ಟೆಯ ಗಂಜಿ ವಾಸನೆ ಬಿಟ್ಟರೆ ಬೇರೇನಿಲ್ಲ. ಕೊನೆಗೊಂದು ದಿನ ಟ್ರಂಕಿನ ಧೂಳು ಹೊಡೆಯುವಾಗ ಸ್ವೆಟರಿನ ಕೆಳಗೆ ಸಿಕ್ಕಿತು. ಚಿತ್ರಕಥೆಯ ಪುಸ್ತಕಗಳು! ಅದೂ ಇಂಗ್ಲಿಷಿನವು. ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಆಕಾಶದಲ್ಲಿ ಹಾರುವವರು, ಬಸ್ಸು ಎತ್ತಿ ಎಸೆಯುವವರು, ಗೋಡೆ ಒಡೆದುಕೊಂಡು ಒಳಗೆ ಬರುವವರು. ಸಿಗರೇಟಿನ ಪಾಕೀಟೇ ಸಿಕ್ಕಿದ್ದರೆ ಚೆನ್ನಾಗಿತ್ತು ಎನಿಸಿತು. ಸಿಗರೇಟಾದರೆ ತವರಿಗೆ ಹೋದಾಗ ಅವ್ವನ ಮುಂದೆ ಹೇಳಿಕೊಂಡು ಅಳಬಹುದು. ಮೀಸೆ ಬಂದ ಗಂಡಸು ಕಾಮಿಕ್ಸ್ ಓದುತ್ತಾನೆಂದು ಹೇಳಿ ಅಳುವುದು ಹೇಗೆ?

ಸಿಕ್ಕಿಬಿದ್ದ ಮೇಲೆ ಅವರು ನಾಚಿಕೊಳ್ಳಲಿಲ್ಲ. ಎದುರಿಗೆ ಕೂರಿಸಿಕೊಂಡು ನನಗೇ ಪಾಠ ಹೇಳಿದರು. ಸೋಲಾಪುರದ ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಮಾರುವವನೊಬ್ಬ ಇವರಿಗಾಗಿಯೇ ಇವನ್ನು ತೆಗೆದಿಡುತ್ತಾನಂತೆ. ಇವುಗಳಲ್ಲಿ ಒಂದು ಬೇರೆಯೇ ಜಾತಿ ಇದೆಯಂತೆ. ಅದರಲ್ಲಿ ಇತಿಹಾಸವನ್ನೇ ತಿರುವಿ ಹಾಕಿರುತ್ತಾರಂತೆ. ಅವರಿಗೆ ಪ್ರಾಣವಾಗಿದ್ದ ಪುಸ್ತಕದ ಕಥೆ ಹೀಗಿತ್ತು: ಬೇರೆ ನಕ್ಷತ್ರದಿಂದ ಒಂದು ಕೂಸು ಭೂಮಿಗೆ ಬರುತ್ತದೆ. ಉಳಿದ ಪುಸ್ತಕಗಳಲ್ಲಾದರೆ ಇಂಥ ಕೂಸು ಒಳ್ಳೆಯವರ ಮನೆಯಲ್ಲಿ ಬೆಳೆದು ಲೋಕ ಕಾಯುತ್ತದೆ. ಇದರಲ್ಲಿ ಹಾಗಲ್ಲ. ಮಹಾಯುದ್ಧದಲ್ಲಿ ಗೆಲ್ಲಬಾರದವನು ಗೆದ್ದು, ಅರ್ಧ ಭೂಮಿಗೆ ಸರ್ವಾಧಿಕಾರಿಯಾಗಿ ಕೂತಿದ್ದಾನೆ. ಕೂಸು ಅವನ ಹಿತ್ತಲಲ್ಲೇ ಬೀಳುತ್ತದೆ, ಅವನೇ ಸಾಕುತ್ತಾನೆ. ಬೆಟ್ಟ ಕಿತ್ತಿಡುವ ಬಲವಿರುವ ಹುಡುಗ ಆ ಮನೆಯಲ್ಲಿ ಕತ್ತು ಬಗ್ಗಿಸಿಕೊಂಡು, ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತ ಬೆಳೆಯುತ್ತಾನೆ.

ಇತಿಹಾಸ ಬೇರೆ ಥರ ನಡೆದಿದ್ದರೆ ಎಂದು ಊಹಿಸುವುದಕ್ಕೆ ನಮ್ಮ ಕಡೆಯವರಿಗೆ ಇಂಗ್ಲಿಷ್ ಪುಸ್ತಕವೇ ಬೇಕಾಗಿಲ್ಲ. ಗಡಿ ಗೆರೆ ಎಳೆದವನ ಕೈ ಆವತ್ತು ಚೂರು ಆಚೀಚೆ ಆಗಿದ್ದರೆ ನಾವು ಯಾವ ರಾಜ್ಯದಲ್ಲಿರುತ್ತಿದ್ದೆವು, ಆಗ ನಮ್ಮ ರಸ್ತೆಗೆ ಡಾಂಬರು ಬಂದಿರುತ್ತಿತ್ತೋ ಇಲ್ಲವೋ ಎಂಬ ಚರ್ಚೆ ಜತ್ತದ ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಬೆಳಿಗ್ಗೆ ಮರಾಠಿಯಲ್ಲಿ ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ಕನ್ನಡಕ್ಕೆ ಬರುತ್ತದೆ. ಆದ್ದರಿಂದ ಆ ತಿರುವಿದ ಇತಿಹಾಸ ನನಗೆ ವಿಚಿತ್ರವೆನಿಸಲಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಆ ಹುಡುಗ. ಕತ್ತು ಬಗ್ಗಿಸಿ ಹೂಂ ಅನ್ನುವ ಅವನನ್ನು ನಾನು ದಿನಾ ಊಟಕ್ಕೆ ಬಡಿಸುವಾಗ ನೋಡುತ್ತಿದ್ದೆ.

ನಮ್ಮ ಮಾವನವರ ಬಗ್ಗೆ ಈಗ ಹೇಳಲೇಬೇಕು. ಕೆಟ್ಟವರಲ್ಲ. ಒಬ್ಬರಿಗೂ ಕೈ ಎತ್ತಿದವರಲ್ಲ, ದನಿ ಕೂಡ ಎತ್ತಿದವರಲ್ಲ. ಆದರೆ ಮನೆಯಲ್ಲಿ ಸೂರ್ಯ ಹುಟ್ಟುವುದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಅವರ ಅಪ್ಪಣೆಯಂತೆ ಆಗಬೇಕು. ಪಲ್ಯಕ್ಕೆ ಯಾವ ಕಾಯಿ, ಟೀವಿಯಲ್ಲಿ ಯಾವ ಚಾನೆಲ್ಲು, ಅಂಗಡಿಯ ಗಾಜಿನ ಕಪಾಟಿನಲ್ಲಿ ಯಾವ ಬಣ್ಣದ ಸೀರೆ ಮುಂದೆ, ಎಲ್ಲವೂ ಅವರದೇ ತೀರ್ಮಾನ. ನನ್ನ ಜೊತೆ ಅವರು ನೇರವಾಗಿ ಮಾತಾಡುತ್ತಿರಲಿಲ್ಲ. ನನಗೆ ಹೇಳಬೇಕಾದ್ದನ್ನು ಅತ್ತೆಗೆ ಹೇಳುತ್ತಿದ್ದರು. ಅತ್ತೆ ಇಲ್ಲದಿದ್ದರೆ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. ಕಂಬ ಕೇಳಿಸಿಕೊಂಡಂತೆ ಸುಮ್ಮನಿರುತ್ತಿತ್ತು, ನಾನು ಹೋಗಿ ಕೆಲಸ ಮಾಡುತ್ತಿದ್ದೆ.

ನಾನು ಬಿ.ಎಡ್. ಮುಗಿಸಿಕೊಂಡೇ ಮದುವೆಯಾದವಳು. ಪೇಟೆಯಲ್ಲಿದ್ದ ಕನ್ನಡ ಶಾಲೆಯ ಮುಖ್ಯೋಪಾಧ್ಯಾಯಿನಿ, ಹೆಡ್‌ಬಾಯಿಯವರು ಒಂದು ಅರಿಶಿನ ಕುಂಕುಮಕ್ಕೆ ಬಂದಾಗ ನನ್ನನ್ನು ವಿಚಾರಿಸಿ, ನಮ್ಮಲ್ಲಿ ಕಲಿಸಲು ಬಾ ಎಂದು ಕರೆದಿದ್ದರು. ನನಗೆ ಆವತ್ತೇ ಹೋಗಿ ಸೀಮೆಸುಣ್ಣ ಹಿಡಿಯುವ ಆಸೆ. ಮಾವನವರನ್ನು ಕೇಳುವ ಕೆಲಸ ನಮ್ಮವರದ್ದು. ಕಲಿಸಲು ಕಳಿಸುತ್ತೇನೆಂದು ಕನ್ಯೆ ನೋಡಲು ಬಂದಾಗಲೇ ಅವರು ನನಗೆ ಮಾತು ಕೊಟ್ಟಿದ್ದರು. ಹೊತ್ತು ನೋಡಿ ಕೇಳುತ್ತೇನೆ ಎಂದರು. ದೀಪಾವಳಿಯಲ್ಲಿ ಕೇಳೋಣವೆಂದರೆ ವ್ಯಾಪಾರದ ಗಡಿಬಿಡಿ. ಆಮೇಲೆ ಕೇಳೋಣವೆಂದರೆ ವ್ಯಾಪಾರವಿಲ್ಲವೆಂಬ ಬೇಸರ. ಎರಡು ವರ್ಷ ಹೀಗೇ ಹೋಯಿತು. ಆ ಸಲ ಜೂನಿಗೆ ಶಾಲೆ ಶುರುವಾಗುವಷ್ಟರಲ್ಲಿ ಉತ್ತರ ಬೇಕು, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ ಎಂದು ಹೆಡ್‌ಬಾಯಿ ಹೇಳಿಕಳಿಸಿದರು. ನಾನು ನಮ್ಮವರೊಂದಿಗೆ ಮಾತು ಬಿಟ್ಟೆ. ಅವರಿಗೆ ಗೊತ್ತಾಗಲಿಲ್ಲ. ಮತ್ತೆ ಮಾತಾಡಿ, ಮಾತು ಬಿಟ್ಟಿದ್ದೇನೆಂದು ಹೇಳಬೇಕಾಯಿತು.

ಇಂಥ ಹೊತ್ತಿನಲ್ಲಿ ಆ ಪುಸ್ತಕ ಮಾವನವರ ಕೈಗೆ ಬಿತ್ತು. ಡಫಳಾಪುರದ ಗಿರಾಕಿಯೊಬ್ಬರು ಮಗನ ಮದುವೆಗೆ ಶರ್ಟಿನ ಬಟ್ಟೆ ನೋಡಲು ಬಂದಿದ್ದರು. ಮಾವನವರು ಮೇಲಿನ ಕಪಾಟಿನಿಂದ ಬಟ್ಟೆಯ ಒಂದು ಥಾನು ಎಳೆದು ಗಾದಿಯ ಮೇಲೆ ಬಿಡಿಸಿದರೆ, ನಡುವಿನಿಂದ ಹಾರುವ ಹುಡುಗ ಹೊರಗೆ ಬಿದ್ದ. ಗಿರಾಕಿ ಅದನ್ನು ಎತ್ತಿ ತಿರುಗಿಸಿ ನೋಡಿ, ಇಂಥದ್ದು ರೆಡಿಮೇಡಿನಲ್ಲಿ ಬಂದಿದೆಯೋ ಅಥವಾ ಹೊಲಿಸಬೇಕೋ ಎಂದು ವಿಚಾರಿಸಿದರಂತೆ. ನಮ್ಮವರು ಗಜಕೋಲು ಹಿಡಿದುಕೊಂಡು ಕಲ್ಲಾಗಿ ನಿಂತಿದ್ದರಂತೆ.

ಸಂಜೆ ಮನೆಯಲ್ಲಿ ದೊಡ್ಡ ರಾಮಾಯಣವಾಗುತ್ತದೆಂದು ನಾನು ಕಾಯುತ್ತಿದ್ದೆ. ಆಗ ದಿನಾ ಸಂಜೆ ಲೋಡ್ ಶೆಡ್ಡಿಂಗ್. ಕರೆಂಟು ಹೋಗುತ್ತಲೇ ಟೀವಿ ಸಾಯುತ್ತಿತ್ತು, ಎಲ್ಲರೂ ಕಟ್ಟೆಗೆ ಬಂದು ಕೂಡುತ್ತಿದ್ದರು. ಪಕ್ಕದ ಬಳೆ ಅಂಗಡಿಯ ಮಕಬೂಲ ಚಾಚಾ, ಮಾವನವರ ಬಾಲ್ಯದ ಗೆಳೆಯ, ಅವರೂ ಬರುತ್ತಿದ್ದರು. ಮಾವನವರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮಗನಿಗೆ, "ಇದರಾಗ ಏನೈತಿ ಹೇಳು," ಎಂದರು. ಅಷ್ಟೇ.

ನಮ್ಮವರು ಹೇಳತೊಡಗಿದರು. ಮೊದಲು ಒಂದೊಂದೇ ವಾಕ್ಯ. ಆಮೇಲೆ ಕಥೆಯೇ ಅವರನ್ನು ಎತ್ತಿಕೊಂಡು ಹೋಯಿತು. ಸರ್ವಾಧಿಕಾರಿಗೆ ಅವರು ಮರಾಠಿಯ ಹುಕುಮಶಹಾ ಎಂಬ ಶಬ್ದ ಬಳಸಿದರು. ಮಾವನವರಿಗೆ ಅದು ಹಿಡಿಸಲಿಲ್ಲ. ಸುಮ್ಮನೆ ಅರಸ ಅನ್ನು ಎಂದರು. ಆ ನಾಡಿನಲ್ಲಿ ಎಲ್ಲರೂ ತುತ್ತೂರಿಗೆ ಏಳಬೇಕು, ತುತ್ತೂರಿಗೆ ಉಣ್ಣಬೇಕು, ಅಪ್ಪಣೆಯಿಲ್ಲದೆ ಯಾರೂ ಊರು ಬಿಡುವಂತಿಲ್ಲ ಎಂದು ನಮ್ಮವರು ನೋವಿನಿಂದ ವರ್ಣಿಸಿದರೆ, ಮಾವನವರು ತಲೆ ಆಡಿಸುತ್ತ, "ಇದರಾಗ ತಪ್ಪೇನೈತಿ? ಊರಿಗೆ ಒಂದು ಶಿಸ್ತು ಬೇಕಲ್ಲ," ಎಂದರು. ಅರಸನ ಕಷ್ಟ ಅವರೊಬ್ಬರಿಗೇ ಅರ್ಥವಾದಂತಿತ್ತು. ಅತ್ತೆಯ ಚಿಂತೆ ಬೇರೆ: ಆ ಕೂಸಿಗೆ ಎಣ್ಣೆ ಹಚ್ಚಿ ಎರೆದವರು ಯಾರು, ಹಾಲು ಕುಡಿಸಿದವರು ಯಾರು? ಹಿತ್ತಲಲ್ಲಿ ಬಿದ್ದ ಕೂಸಿಗೆ ದೃಷ್ಟಿಯಾದರೂ ತೆಗೆದರೋ ಇಲ್ಲವೋ? ಮಕಬೂಲ ಚಾಚಾ, ಅದೇ ಕೂಸು ನಮ್ಮ ಯಳವಿ ಊರಿನ ಯಾರದಾದರೂ ಹೊಲದಲ್ಲಿ ಬಿದ್ದಿದ್ದರೆ ಅರ್ಧ ಬದುವಿನ ಈಚೆ, ಅರ್ಧ ಆಚೆ ಬಿದ್ದು ಅಣ್ಣತಮ್ಮಂದಿರು ಇವತ್ತಿಗೂ ಕೋರ್ಟಿಗೆ ತಿರುಗುತ್ತಿರುತ್ತಿದ್ದರು ಎಂದರು. ಚಿತ್ರದಲ್ಲಿ ಹುಡುಗನ ಬೆನ್ನಿನ ಮೇಲಿದ್ದ ನೇರಳೆ ಬಟ್ಟೆಯನ್ನು ಮಾವನವರು ಕಂದೀಲಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇಷ್ಟು ಹಾರಿದರೂ ಇಸ್ತ್ರಿ ಕೆಟ್ಟಿಲ್ಲವೆಂದರೆ ಟೆರಿಕಾಟೇ ಇರಬೇಕು ಎಂದು ತೀರ್ಪು ಕೊಟ್ಟರು.

ಹೀಗೆ ಆ ಕಥೆ ನಮ್ಮ ಕಟ್ಟೆಯಲ್ಲಿ ಧಾರಾವಾಹಿಯಾಯಿತು. ಕರೆಂಟು ಬೇಗ ಬಂದರೆ ಮಾವನವರಿಗೆ ಸಿಟ್ಟು ಬರತೊಡಗಿತು. ಆದರೆ ಪುಸ್ತಕಕ್ಕೊಂದು ಕೊನೆ ಇತ್ತು, ಅದು ಕೊನೆಯಂತೆ ಇರಲಿಲ್ಲ. ಕೊನೆಯ ಚಿತ್ರದಲ್ಲಿ ಹುಡುಗ ಅರಸನ ಎದುರು ನಿಂತು, ಮೊಟ್ಟಮೊದಲ ಸಲ ಕತ್ತೆತ್ತಿ, ಏನೋ ಹೇಳಲು ಬಾಯಿ ತೆರೆದಿದ್ದಾನೆ. ಅಲ್ಲಿಗೆ ಮುಗಿದಿದೆ. ಎರಡನೆಯ ಭಾಗ ಸೋಲಾಪುರದವನ ಹತ್ತಿರ ಇರಲಿಲ್ಲ. ನಮ್ಮವರು ಇದ್ದದ್ದನ್ನು ಇದ್ದಂತೆ ಹೇಳಿ ಕೈ ತೊಳೆದುಕೊಳ್ಳಲು ನೋಡಿದರು. ಮಾವನವರು ಬಿಡಲಿಲ್ಲ. ಬಾಯಿ ತೆರೆದ ಮೇಲೆ ಏನಾದರೂ ಅಂದೇ ಅಂದಿರಬೇಕು, ಅದನ್ನು ಹೇಳು ಎಂದು ಹಟ ಹಿಡಿದರು.

ನಮ್ಮವರು ಕಥೆ ಕಟ್ಟಬೇಕಾಯಿತು. ಮೊದಲ ಸಂಜೆ ಹುಡುಗ ಬಾಯಿ ತೆರೆದು ಅರಸನ ಆರೋಗ್ಯ ವಿಚಾರಿಸಿದ. ಮರುದಿನ ಈ ವರ್ಷ ಮಳೆ ಹೇಗೆ ಎಂದು ಕೇಳಿದ. ಅದರ ಮರುದಿನ, ಹೊಟ್ಟೆ ಸರಿಯಿಲ್ಲ, ನಾಳೆ ಬಂದು ಹೇಳುತ್ತೇನೆ ಎಂದು ಹೊರಟುಹೋದ. ನಾನು ಬಾಗಿಲ ಮರೆಯಲ್ಲಿ ಅಕ್ಕಿ ಆರಿಸುತ್ತ ಕೂತವಳು ಹಲ್ಲು ಕಡಿಯುತ್ತಿದ್ದೆ. ಮಾವನವರಿಗೂ ತಾಳ್ಮೆ ಮುಗಿದಿತ್ತು.

"ಗುಡ್ಡಾ ಎತ್ತಾಂವಗ ಒಂದು ಮಾತು ಎತ್ತಾಕ ಬರಂಗಿಲ್ಲೇನು?" ಎಂದರು.

ನಾನು ಅಕ್ಕಿಯ ಮೊರವನ್ನು ನೆಲಕ್ಕೆ ಸ್ವಲ್ಪ ಜೋರಾಗಿಯೇ ಕುಕ್ಕಿದೆ. ನಮ್ಮವರು ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ಉಸಿರೆಳೆದುಕೊಂಡು ಹುಡುಗನ ಮಾತು ಶುರು ಮಾಡಿದರು.

"ಅಪ್ಪಾರ, ಇವತ್ತಿನ ತನಕ ನಿಮ್ಮ ಮಾತು ಮೀರಿಲ್ರಿ. ಮುಂದೂ ಮೀರಂಗಿಲ್ಲ. ಆದ್ರ ಮನ್ಯಾಗ ಒಬ್ಬಾಕಿ ಕಲಿತಾಕಿ ಅದಾಳ್ರಿ. ಸಾಲಿಗೆ ಹೋಗಿ ಹುಡುಗೂರಿಗೆ ಕಲಿಸ್ತೀನಿ ಅಂತಾಳ. ಅಕಿಗೆ ನಾ ಮಾತು ಕೊಟ್ಟೀನ್ರಿ."

ನನ್ನ ಕೈ ಅಕ್ಕಿಯಲ್ಲೇ ನಿಂತಿತು. ಮಕಬೂಲ ಚಾಚಾ ಗಾಬರಿಯಾಗಿ, "ಅವಂದು ಲಗ್ನ ಯಾವಾಗಾತು? ನಾ ಬರದ ದಿನ ಮಾಡಿ ಮುಗಿಸಿದ್ರೇನು?" ಎಂದು ಕೇಳಿದರು.

ಮಾವನವರು ಮಗನನ್ನೇ ನೋಡುತ್ತ, ಯಾವ ಶಾಲೆ ಎಂದು ಕೇಳಿದರು. ನಮ್ಮವರು ನೆಲ ನೋಡುತ್ತ, ಪೇಟೆಯಲ್ಲಿನ ಕನ್ನಡ ಶಾಲೆ ಎಂದರು. ಅರ್ಧ ಭೂಮಿಯನ್ನಾಳುವ ಆ ದೂರದ ನಾಡಿನ ಪೇಟೆಯಲ್ಲಿ ಕನ್ನಡ ಶಾಲೆ ಹೇಗೆ ಬಂತೆಂದು ಯಾರೂ ಕೇಳಲಿಲ್ಲ.

"ಅದಕ್ಕ ಅರಸ ಏನಂದ?" ಎಂದರು ಮಾವನವರು.

"ಅವ ಇನ್ನೂ ಏನೂ ಅಂದಿಲ್ರಿ, ಅಪ್ಪಾರ."

ಅದೇ ಗಳಿಗೆಗೆ ಕರೆಂಟು ಬಂತು. ಕತ್ತಲಲ್ಲಿ ಆಡಿದ ಮಾತು ಬೆಳಕಿನಲ್ಲಿ ಹೇಗೆ ಕಾಣುತ್ತದೆಂದು ನಾನು ಆವತ್ತು ಕಂಡೆ. ನಮ್ಮವರ ಕುತ್ತಿಗೆಯೆಲ್ಲ ಬೆವರು. ಮಾವನವರು ಎದ್ದು, ಧೋತರ ಸರಿಮಾಡಿಕೊಂಡು, ಒಳಗೆ ಹೋದರು. ಮರುದಿನ ಅವರು ಕಂಬಕ್ಕೂ ಏನೂ ಹೇಳಲಿಲ್ಲ. ಸಂಜೆ ಕರೆಂಟು ಹೋದರೂ ಕಟ್ಟೆಗೆ ಬರಲಿಲ್ಲ. ನಮ್ಮವರಿಗೆ ಅನ್ನ ಇಳಿಯದು. ನನಗೋ, ಈ ಮನುಷ್ಯ ಆಡಿದನಲ್ಲ ಎಂಬ ಹಿಗ್ಗು ಒಂದು ಕಡೆ, ಆಡಿ ಕೆಡಿಸಿದನೇನೋ ಎಂಬ ಹೆದರಿಕೆ ಇನ್ನೊಂದು ಕಡೆ. ಎರಡು ವರ್ಷ ಕೇಳು ಕೇಳು ಎಂದು ಕಾಡಿದವಳೇ, ಇನ್ನು ಸಾಕು, ನನಗೆ ಶಾಲೆ ಬೇಡ, ನೀವು ಊಟ ಮಾಡಿರಿ ಎಂದುಬಿಟ್ಟೆ. ಅವರು, ಕೇಳಿಯಾಗಿದೆ, ಇನ್ನು ತಿರುಗಿ ತೆಗೆದುಕೊಳ್ಳಲು ಬರುವುದಿಲ್ಲ ಎಂದರು. ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಅವರು ಬೆನ್ನಿಗೆ ಬಟ್ಟೆಯಿಲ್ಲದೆಯೂ ಹಾರಬಲ್ಲವರಂತೆ ಕಂಡರು. ಹೇಳಲಿಲ್ಲ. ಹೇಳಿದ್ದರೆ ಇನ್ನಷ್ಟು ಪುಸ್ತಕ ತರುತ್ತಿದ್ದರು.

ಅದಾದ ಮರುದಿನ ಮಧ್ಯಾಹ್ನ ಮಾವನವರು ಅಂಗಡಿಯಿಂದ ಊಟಕ್ಕೆ ಬರುವಾಗ ಕಂಕುಳಲ್ಲಿ ಒಂದು ಕಟ್ಟು ಹಿಡಿದುಕೊಂಡು ಬಂದರು. ಪಡಸಾಲೆಯಲ್ಲಿ ಬಿಚ್ಚಿಟ್ಟರು. ಸಣ್ಣ ಅಂಚಿನ ನೂಲಿನ ಸೀರೆಗಳು, ಬೂದು, ತಿಳಿನೀಲಿ, ಗೋದಿ ಬಣ್ಣ. ಕಂಬವನ್ನಾಗಲಿ ಅತ್ತೆಯನ್ನಾಗಲಿ ನೋಡದೆ, ನನ್ನ ಕಡೆಗೇ ತಿರುಗಿದರು.

"ಸಾಲಿಗೆ ಹೋಗಾಕ ಮನ್ಯಾಗ ಉಡೋ ಸೀರಿ ನಡಿಯಂಗಿಲ್ಲವಾ. ನಮ್ಮ ಅಂಗಡಿ ಹೆಸರ ಕೆಡತೈತಿ," ಎಂದರು. ಬೂದು ಸೀರೆಯ ಮಡಿಕೆ ಸರಿಮಾಡುತ್ತ, "ಎರಡು ವರ್ಷದಾಗ ಒಬ್ಬರರ ನನ್ನ ಬಾಯಿಬಿಟ್ಟು ಕೇಳೀರೇನು? ಕೇಳಿದ್ರ ನಾ ಏನು ಬ್ಯಾಡ ಅಂತಿದ್ನೆ?" ಎಂದರು.

ಅನ್ನುತ್ತಿದ್ದರೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಆದರೆ ಆ ಮಾತು ಆಡುವಾಗ ಅವರ ಮುಖದಲ್ಲಿದ್ದ ನೋವು ಸುಳ್ಳಿನದಲ್ಲ. ನಾನು ಕಾಲಿಗೆ ನಮಸ್ಕಾರ ಮಾಡಿ ಎದ್ದಾಗ, ತಿಳಿನೀಲಿಯದು ತೊಳೆದರೆ ಬಣ್ಣ ಬಿಡುತ್ತದೆ, ಉಪ್ಪು ನೀರಿನಲ್ಲಿ ನೆನೆಹಾಕು ಎಂದು ಅಪ್ಪಣೆ ಮಾಡಿ ಊಟಕ್ಕೆ ಕೂತರು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ನಾನು ಶಾಲೆಗೆ ಹೋಗತೊಡಗಿದ ಮೇಲೆ ಮನೆ ನಡೆಯಬೇಕಲ್ಲ, ಯಾವ ಕೆಲಸ ಯಾವಾಗ ಎಂದು ನಾನೇ ಗೊತ್ತುಮಾಡಿದೆ. ನಮ್ಮವರು ಬೆಳಿಗ್ಗೆ ನೀರು ತುಂಬಬೇಕು, ಅತ್ತೆ ಕಾಯಿಪಲ್ಯ ಹೆಚ್ಚಿಡಬೇಕು. ಮಾವನವರಿಗೆ ಸಕ್ಕರೆ ಕಾಯಿಲೆ ಶುರುವಾದ ಮೇಲೆ ಅವರ ಊಟ, ಮಾತ್ರೆ, ವಾಕಿಂಗು ಎಲ್ಲ ನನ್ನ ಸುಪರ್ದಿಗೆ ಬಂತು. ಎಲ್ಲರೂ ಸಂತೋಷವಾಗಿಯೇ ಇದ್ದಾರೆಂದು ನಾನು ತಿಳಿದಿದ್ದೆ. ಯಾರೂ ಏನೂ ಅನ್ನುತ್ತಿರಲಿಲ್ಲ.

ಒಂದು ದಿನ ಶಾಲೆ ಬಿಟ್ಟು ಬರುವಾಗ ಕಟ್ಟೆಯ ಮೇಲೆ ಮಾವನವರೂ ಮಕಬೂಲ ಚಾಚಾನೂ ಬೆನ್ನು ಮಾಡಿ ಕೂತಿದ್ದರು. ಬಹಳ ದಿನವಾಯಿತು, ಆ ನಿಮ್ಮ ಅರಸನ ಸುದ್ದಿ ಏನು ಎಂದು ಚಾಚಾ ಕೇಳುತ್ತಿದ್ದರು. ಮಾವನವರು ನಿಟ್ಟುಸಿರು ಬಿಟ್ಟರು.

"ಅರಸಂದೇನೈತಿ ಈಗ? ರಾಜ್ಯ ಸೊಸಿ ಕೈಯಾಗ ಹೋಗೇತಿ. ಆ ಹುಡುಗ ಮೊದಲ ಅಪ್ಪನ್ನ ಕೇಳಿ ಹಾರತಿದ್ದ, ಈಗ ಹೆಂಡ್ತಿನ್ನ ಕೇಳಿ ಹಾರತಾನ. ಅರಸಗ ಒಂದು ಕಪ್ ಸಿಹಿ ಚಾ ಕುಡಿಯಾಕ ಪರವಾನಗಿ ಇಲ್ಲ."

ಆ ನಾಡಿನ ಜನ ಯಾಕೆ ಎದುರು ಮಾತಾಡುವುದಿಲ್ಲ ಎಂದು ಚಾಚಾ ಕೇಳಿದರು. ಹೆದರಿಕೆ ಎಂದರು ಮಾವನವರು.

ನಾನು ಕೆಮ್ಮಿದೆ. ಇಬ್ಬರೂ ತಿರುಗಿ ನೋಡಿ, ಕತ್ತು ಬಗ್ಗಿಸಿ, ಕಾಲು ಮಡಚಿ ದಾರಿ ಬಿಟ್ಟರು. ಒಳಗೆ ಹೋಗಿ ಚಹಾಕ್ಕಿಟ್ಟೆ. ಮಾವನವರ ಕಪ್ಪಿಗೆ ಸಕ್ಕರೆ ಹಾಕಲಿಲ್ಲ. ಅದು ಡಾಕ್ಟರ ಮಾತು, ನನ್ನದೇನಿದೆ ಅದರಲ್ಲಿ. ಮಕಬೂಲ ಚಾಚಾಗೆ ಯಾವ ಕಾಯಿಲೆಯೂ ಇಲ್ಲ. ಆದರೂ ಅವರ ಕಪ್ಪಿಗೂ ಹಾಕಲಿಲ್ಲ. ಒಂದೇ ಕಟ್ಟೆಯ ಮೇಲೆ ಕೂತವರಿಗೆ ಎರಡೆರಡು ಕಾಯಿದೆ ಇರಬಾರದು, ನೋಡಿ.