ಬೆನ್ನ ಮೇಲಿನ ಕಿಸೆ

ಬನಿಯನ್ನಿಗೆ ಕಿಸೆ ಇರುವುದೇ ಅಪರೂಪ. ಮುರಿಗೆಪ್ಪನ ಬನಿಯನ್ನಿಗೆ ಅದು ಬೆನ್ನ ಮೇಲಿತ್ತು. ಕಿಸೆಯೊಳಗೆ ಒಂದು ಟೆನಿಸ್ ಚೆಂಡು, ಕಿಸೆಯ ಬಾಯಿಗೆ ಗಟ್ಟಿ ಹೊಲಿಗೆ. ಹೊಲಿದವನು ಸ್ವತಃ ಮುರಿಗೆಪ್ಪನೇ. ಮೂವತ್ತೈದು ದಾಟಿದ ಬ್ರಹ್ಮಚಾರಿಗೆ ಇನ್ಯಾರು ಹೊಲಿದುಕೊಡಬೇಕು?

ಎಲ್ಲಕ್ಕೂ ಕಾರಣ ಅವನ ಗೊರಕೆ. ವಿಜಾಪುರದಿಂದ ಮುಂಬಯಿಗೆ ಬಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಅವನು ಕುರ್ಲಾದ ಚಾಳೊಂದರಲ್ಲಿ ಒಂದು ಕೋಣೆ ಹಿಡಿದಿದ್ದ. ಅಲ್ಲಿ ಕೋಣೆ ಕೋಣೆಗಳ ನಡುವೆ ಗೋಡೆಯೆಂದರೆ ಬರೀ ಹಲಗೆ. ಹಲಗೆಯ ಆಚೆ ಧಾರವಾಡ ಕಡೆಯ ಮುದುಕಿ ನಾಗವ್ವ. ಮುರಿಗೆಪ್ಪ ಅಂಗಾತ ಮಲಗಿ ಗೊರಕೆ ಹೊಡೆಯತೊಡಗಿದನೆಂದರೆ ಆಕೆ ಲಟ್ಟಣಿಗೆಯಿಂದ ಹಲಗೆ ಬಡಿಯುವಳು. ನಿಜ ಹೇಳಬೇಕೆಂದರೆ, ಅಂಗಡಿಯಿಂದ ಮನೆಗೆ ಬಂದ ಮೇಲೆ ಮುರಿಗೆಪ್ಪನನ್ನು ಯಾರಾದರೂ ಕರೆಯುತ್ತಿದ್ದದ್ದು ಅದೊಂದೇ ರೀತಿಯಲ್ಲಿ.

ಬಡಿದರೆ ಬಡಿಯಲಿ ಎನ್ನಬಹುದಿತ್ತು. ಆದರೆ ಹಿಂದಿನ ವರ್ಷ ಕನ್ಯೆಯ ಕಡೆಯವರು ಬಂದಾಗ ನಾಗವ್ವ, "ಹುಡುಗ ಬಂಗಾರದಂಥಾವ್ರಿ. ಗೊರಕಿ ಒಂದ ಬಿಟ್ರ ಯಾವ ಚಟಾನೂ ಇಲ್ರಿ" ಎಂದು ಮನಸಾರೆ ಹೊಗಳಿಬಿಟ್ಟಳು. ಬಂದವರು ಚಹಾ ಕುಡಿದು ಹೋದರು, ಮತ್ತೆ ಬರಲಿಲ್ಲ. ಒಬ್ಬನೇ ಬೇಯಿಸಿ, ಒಬ್ಬನೇ ಉಂಡು, ಒಂದೇ ತಟ್ಟೆ ತೊಳೆಯುವಾಗ ಮುರಿಗೆಪ್ಪನಿಗೆ ಅದೆಲ್ಲ ನೆನಪಾಗಿ ಅಳು ಬರುವ ಹಾಗಾಗುತ್ತಿತ್ತು.

ಈಗ ಇನ್ನೊಂದು ಸಂಬಂಧ ಕೇಳಿಬಂದಿತ್ತು. ಘಾಟ್ಕೋಪರಿನ ಕಾಳುಕಡಿ ವ್ಯಾಪಾರಿ ಗದಿಗೆಪ್ಪನ ಮಗಳು ಚಂದ್ರವ್ವ. ಕನ್ಯೆಯ ತಂದೆ ತಾಯಿ ಭಾನುವಾರ ಮನೆ ನೋಡಲು ಬರುವವರಿದ್ದರು. ಮುರಿಗೆಪ್ಪ ಮಹಡಿಯ ಕೊನೆಯ ಕೋಣೆಯ ಕಾಂತಪ್ಪನ ಮುಂದೆ ಸಂಕಟ ತೋಡಿಕೊಂಡ. ಉಡುಪಿ ಕಡೆಯ ಕಾಂತಪ್ಪ ಪೇಟೆಯ ಜಿಮ್ಖಾನಾ ಒಂದರಲ್ಲಿ, ಟೆನಿಸ್ ಆಡಲು ಬರುವ ಸಾಹೇಬರಿಗೆ ಚಹಾ ತಿಂಡಿ ಕೊಡುವವನು. ಮರುದಿನವೇ ಅವನು ರೋಮ ಉದುರಿದ ಟೆನಿಸ್ ಚೆಂಡೊಂದನ್ನು ತಂದುಕೊಟ್ಟ.

"ಇದನ್ನು ಬೆನ್ನಿಗೆ ಕಟ್ಟಿ ಮಲಗಿ ಮಾರಾಯ್ರೆ. ಅಂಗಾತ ಮಲಗ್ಲಿಕ್ಕೆ ಆಗುದಿಲ್ಲ. ಮಗ್ಗುಲಲ್ಲಿ ಮಲಗಿದವನಿಗೆ ಗೊರಕೆ ಎಲ್ಲಿಂದ ಬರ್ಬೇಕು? ನಮ್ಮ ಸಾಯ್ಬರೊಬ್ಬರು ಹೀಗೇ ಮಾಡುದು."

ಗೊರಕೆ ನಿಂತಿತು. ಆದರೆ ಚೆಂಡಿನ ಸುದ್ದಿ ಚಾಳಿನ ತುಂಬ ಹರಡಿತು. ನಾಗವ್ವ ಹಿಮ್ಮಡಿ ನೋವಿಗೆಂದು ಒಯ್ದು ದಿನವೆಲ್ಲ ಪಾದದ ಕೆಳಗೆ ಹೊರಳಿಸಿದಳು. ಅಲ್ಲಿಂದ ಅದು ಕೆಳಗಿನ ಮನೆಗೆ ಹೋಗಿ, ಗಾಳಿಗೆ ಬಡಿದುಕೊಳ್ಳುವ ಬಾಗಿಲಿಗೆ ಅಡ್ಡವಾಗಿ ಕೂತಿತು. ಹುಡುಕಿ ತರುವಷ್ಟರಲ್ಲಿ ಸಾಕುಬೇಕಾಗಿ, ಮುರಿಗೆಪ್ಪ ಬೆನ್ನಿಗೆ ಕಿಸೆ ಹಚ್ಚಿ ಚೆಂಡನ್ನು ಒಳಗಿಟ್ಟು ಹೊಲಿದೇಬಿಟ್ಟ.

ಭಾನುವಾರ ಸಂಜೆ ಬರಬೇಕಾದವರು ಬೆಳಿಗ್ಗೆಯೇ ಬಂದರು. ಬಾಗಿಲು ಬಡಿದ ಸದ್ದಿಗೆ ಮುರಿಗೆಪ್ಪ ಗಡಬಡಿಸಿ ಎದ್ದು ಬನಿಯನ್ನಿನ ಮೇಲೆ ಕೋಟು ಏರಿಸಿಕೊಂಡು ಬಾಗಿಲು ತೆಗೆದ. ಮುಂದೆ ನಾಗವ್ವ, ಹಿಂದೆ ದಪ್ಪ ಮೀಸೆಯ ಗದಿಗೆಪ್ಪ, ಅವನ ಹಿಂದೆ ಹೆಂಡತಿ ಬಸಲಿಂಗವ್ವ.

"ಸಂಜಿಗೆ ಮಲಾಡಕ್ಕ ಹೋಗೂದೈತ್ರಿ, ಅದಕ್ಕ ಈಗ ಬಂದ್ವಿ" ಎಂದ ಗದಿಗೆಪ್ಪ.

"ಬರ್ರಿ, ಬರ್ರಿ" ಎಂದಾಗಲೇ ಮುರಿಗೆಪ್ಪನಿಗೆ ಬೆನ್ನ ನೆನಪಾದದ್ದು. ಇರುವುದು ಒಂದೇ ಕೋಣೆ. ಬಿಚ್ಚಿ ಬರಲು ಜಾಗವಿಲ್ಲ. ಗೋಡೆಗೆ ಒರಗಿ ಕೂತರೆ ಚೆಂಡು ಅವನನ್ನು ಮುಂದಕ್ಕೆ ನೂಕುತ್ತಿತ್ತು. ಹುಡುಗ ತನ್ನ ಮಾತನ್ನು ಎಷ್ಟು ಲಕ್ಷ್ಯಗೊಟ್ಟು ಕೇಳುತ್ತಾನೆ ಎಂದು ಗದಿಗೆಪ್ಪನಿಗೆ ಸಂತೋಷವಾಯಿತು.

ಬಸಲಿಂಗವ್ವ ನೀರು ಕೇಳಿದಳು. ಕೊಡ ಇದ್ದದ್ದು ಮೂಲೆಯಲ್ಲಿ. ಮುರಿಗೆಪ್ಪ ಮುಖ ಇತ್ತ ಇಟ್ಟುಕೊಂಡೇ ಏಡಿಯ ಹಾಗೆ ಅಡ್ಡಡ್ಡ ಸರಿದುಹೋಗಿ, ಕೈ ಹಿಂದೆ ಚಾಚಿ ತಡಕಾಡಿ ನೀರು ತುಂಬಿದ. ಅರ್ಧ ಚೆಲ್ಲಿತು.

"ಹಂಗ್ಯಾಕ ನಡೀತೀರಿ ತಮ್ಮಾ?" ಎಂದಳು ಬಸಲಿಂಗವ್ವ.

"ಹಿರ್ಯಾರಿಗೆ ಬೆನ್ನ ತೋರಿಸಬಾರ್ದಂತ ನಮ್ಮಪ್ಪ ಹೇಳ್ಯಾನ್ರಿ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. ಇಂಥ ಸಂಸ್ಕಾರ ಮುಂಬಯಿಯಲ್ಲಿ ಎಲ್ಲಿ ಸಿಗಬೇಕು! ಮುರಿಗೆಪ್ಪನ ಎದೆಯಲ್ಲಿ ಆಸೆ ಚಿಗುರಿತು. ಆಗ ನಾಗವ್ವ ಬಾಯಿ ತೆರೆದಳು.

"ಏ ಮುರಿಗೆಪ್ಪಾ, ಎಲ್ಲಾ ಹೇಳ್ಯಾನ ನಿಮ್ಮಪ್ಪ, ಕಾಲಿಗೆ ಬೀಳೂದು ಹೇಳಿಲ್ಲೇನು? ಹಿರ್ಯಾರು ಬಂದು ಎಷ್ಟೊತ್ತಾತು!"

ಬೀಳದಿದ್ದರೆ ಸೊಕ್ಕಿನವನು, ಬಿದ್ದರೆ ಗೂನಬೆನ್ನಿನವನು. ಮುರಿಗೆಪ್ಪ ಶಿವನ ಮೇಲೆ ಭಾರ ಹಾಕಿ ಬಾಗಿದ. ಕೋಟು ಬಿಗಿಯಿತು. ಬೆನ್ನ ನಟ್ಟನಡುವೆ ದುಂಡನೆಯ ಗುಡ್ಡ ಎದ್ದಿತು.

"ಅಯ್ಯ ಶಿವನ! ಗೂನ ಐತಲ್ರೀ!" ಎಂದು ಬಸಲಿಂಗವ್ವ ಕಿರುಚಿದಳು.

ಆಶೀರ್ವಾದಕ್ಕೆಂದು ಎತ್ತಿದ ಕೈಯಿಂದ ಗದಿಗೆಪ್ಪ ಆ ಗುಡ್ಡವನ್ನು ಒತ್ತಿ ನೋಡಿದ. ಅದು ಒಳಗೆ ಹೋಗಿ ಪುಟಿದು ಮೇಲೆ ಬಂತು. ಅವನ ಮೀಸೆ ನಡುಗಿತು.

ಪಾರುಮಾಡಲು ಬಂದವಳು ನಾಗವ್ವನೇ. "ಗೂನ ಗೀನ ಏನಿಲ್ರಿ! ಬೆನ್ನ ಹಲಗಿ ಇದ್ದಾಂಗ ಐತಿ. ಗೊರಕಿ ಹೊಡೀತಾನಂತ ಚೆಂಡ ಹೊಲಕೊಂಡಾನ, ಅಷ್ಟ."

ಮುರಿಗೆಪ್ಪ ಕೋಟು ಬಿಚ್ಚಿ ತಿರುಗಿ ನಿಂತ. ಮುಚ್ಚಿಡುವುದು ಇನ್ನೇನೂ ಉಳಿದಿರಲಿಲ್ಲ. ಮತ್ತೆ ಚಹಾ ಕುಡಿದು ಹೋಗುತ್ತಾರೆ ಎಂದುಕೊಂಡ.

ಬಸಲಿಂಗವ್ವ ಸಣ್ಣ ದನಿಯಲ್ಲಿ ಕೇಳಿದಳು, "ಇದರಿಂದ ಗೊರಕಿ ನಿಂತದೇನ್ರಿ?"

"ಎಂಟ ದಿನ ಆತ್ರಿ, ನಾ ಹಲಗಿ ಬಡದಿಲ್ಲ" ಎಂದು ನಾಗವ್ವ ಸಾಕ್ಷಿ ನುಡಿದಳು.

ಬಸಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮ ಚಂದ್ರವ್ವಂದೂ ಇದ ಹಣೆಬರಾ ರೀ. ಅಡಿಗಿ ಬರ್ತದ, ಓದು ಬರ್ತದ. ಗೊರಕಿ ಸುದ್ದಿ ಕೇಳಿದ ಕೂಡ್ಲೆ ಬಂದವ್ರು ತಿರುಗಿ ಹೋಗ್ತಾರ."

ಮುರಿಗೆಪ್ಪನಿಗೆ ಹಲಗೆಯ ಗೋಡೆ ಕಳಚಿ ಬೆಳಕು ಬಂದಂತಾಯಿತು. ಇಷ್ಟು ದೊಡ್ಡ ಮುಂಬಯಿಯಲ್ಲಿ ತನ್ನಂಥ ಇನ್ನೊಂದು ಜೀವ! ಅವಳು ತನ್ನನ್ನು ನೋಡಿ ನಗುವುದಿಲ್ಲ, ತಾನು ಅವಳನ್ನು ನೋಡಿ ನಗುವುದಿಲ್ಲ. ನಾಗವ್ವನ ಕತ್ತರಿ ತರಿಸಿ, ಹೊಲಿಗೆ ಬಿಚ್ಚಿ, ಚೆಂಡನ್ನು ತೊಳೆದು ಒರೆಸಿ ಎರಡೂ ಕೈಯಿಂದ ಬಸಲಿಂಗವ್ವನಿಗೆ ಕೊಟ್ಟ. ನಿಶ್ಚಿತಾರ್ಥಕ್ಕೆ ಉಂಗುರ ಕೊಡುವವನೂ ಅಷ್ಟು ಭಕ್ತಿಯಿಂದ ಕೊಟ್ಟಿರಲಾರ.

"ನಿಮ್ಮ ಉಪಕಾರ ಮರಿಯಾಂಗಿಲ್ರಿ. ಹೇಳಿ ಕಳಸ್ತೀವಿ" ಎಂದು ಇಬ್ಬರೂ ನಗುತ್ತ ಮೆಟ್ಟಿಲಿಳಿದರು.

"ಸಂಬಂಧ ಕುದುರಿತು ಮಾರಾಯ್ರೆ! ಇನ್ನೊಂದು ಚೆಂಡು ತರ್ಲಾ?" ಎಂದ, ಸುದ್ದಿ ಕೇಳಿ ಓಡಿಬಂದ ಕಾಂತಪ್ಪ.

"ಇನ್ನ್ಯಾಕ್ರಿ? ನನ್ನ ಗೊರಕಿಗೆ ಬ್ಯಾಸರಾಗೋರು ಬರಾಂಗಿಲ್ಲಲ್ಲ" ಎಂದ ಮುರಿಗೆಪ್ಪ. ಅಂದೇ ಪೇಟೆಗೆ ಹೋಗಿ ಇನ್ನೊಂದು ತಟ್ಟೆ, ಇನ್ನೊಂದು ಲೋಟ ತಂದು ಹಿಂಗೋಡೆಯ ಮಾಡದಲ್ಲಿ ಜೋಡಿಸಿಟ್ಟ. ರಾತ್ರಿ ಹಾಯಾಗಿ ಅಂಗಾತ ಮಲಗಿದ. ನಾಗವ್ವನ ಲಟ್ಟಣಿಗೆಗೆ ಮತ್ತೆ ಕೆಲಸ ಬಂತು.

ತಿಂಗಳೆರಡು ಕಳೆದ ಮೇಲೆ ಒಂದು ಭಾನುವಾರ ಗದಿಗೆಪ್ಪ ಪೇಢೆಯ ಪೊಟ್ಟಣ ಹಿಡಿದು ಬಂದ.

"ಚಂದ್ರವ್ವನ ಲಗ್ನ ಗಟ್ಟಿ ಆತ್ರಿ! ಅವತ್ತ ಸಂಜೀಕ ನೋಡಿದ ಮಲಾಡದ ಮಾಸ್ತರ. ನೀವು ಬರಾಕಬೇಕು. ಎಲ್ಲಾ ನಿಮ್ಮ ಚೆಂಡಿನ ಪುಣ್ಯ."

ಮುರಿಗೆಪ್ಪ ಬಾಯಲ್ಲಿಟ್ಟ ಪೇಢೆ ಅಲ್ಲೇ ಉಳಿಯಿತು. ಅದನ್ನು ಹೇಗೋ ನುಂಗಿ, "ನಾನೂ ಗೊರಕಿ ಹೊಡೀತೀನಿ, ಆಕೀನೂ ಹೊಡೀತಾಳಂತ... ಜೋಡಿ ಆಗ್ತದಂತ ಮಾಡಿದ್ದೆ" ಎಂದ.

ಗದಿಗೆಪ್ಪ ಪ್ರೀತಿಯಿಂದ ಅವನ ಬೆನ್ನು ಸವರಿದ. ಬೆನ್ನು ಈಗ ಸಪಾಟಾಗಿತ್ತು. "ನೀವು ಭಾಳ ಚಲೋ ಮನಶಾರ್ರಿ. ಆದ್ರ ನಮ್ಮ ಹುಡಿಗಿ ಈಗ ಗೊರಕಿ ಹೊಡ್ಯಾಂಗಿಲ್ಲಲ್ರಿ! ಹೊಡಿಯೋರ ಮನಿಗೆ ಕೊಟ್ರ ಪಾಪ, ಆಕಿ ಮಲಗೂದರ ಹ್ಯಾಂಗ?"

ಚೆಂಡನ್ನು ತಿರುಗಿ ಕೇಳಲು ಮುರಿಗೆಪ್ಪನಿಗೆ ನಾಚಿಕೆಯಾಯಿತು.

ಅಂದು ಮಧ್ಯಾಹ್ನ ಮಾಡದಲ್ಲಿದ್ದ ಎರಡು ತಟ್ಟೆಗಳಿಗೆ ಬೆನ್ನು ಹಾಕಿ ಮಲಗಿದ. ಆಮೇಲೆ ಅಂಗಾತವಾದ. ಸ್ವಲ್ಪ ಹೊತ್ತಿಗೆ ಹಲಗೆಯ ಮೇಲೆ ಲಟ್ಟಣಿಗೆ ಬಡಿದ ಸದ್ದಾಯಿತು.

"ಏ ಮುರಿಗೆಪ್ಪಾ! ಗೊರಕಿ ಕೇಳವಲ್ದಲ್ಲೋ. ಚೆಂಡ ತಿರುಗಿ ಬಂತೇನು?"

"ಇಲ್ಲಬೇ, ನಿದ್ದಿ ಬಂದಿಲ್ಲ" ಎಂದ ಮುರಿಗೆಪ್ಪ.